ಹಿಂದೆ ಒತ್ತಿದರೆ ಹಿಂದಿನ ಪುಟಕ್ಕೇ ಹೋಗಬೇಕು

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ವೆಬ್ ಆ್ಯಪ್ ಮಾಡುತ್ತಿದ್ದೇನೆ. ಮೆಣಸಿನಕಾಯಿ ಲಾಟ್, ತೂಕ, ರೈತರ ಪಟ್ಟಿ, ಬಾಕಿ. ಇಷ್ಟೇ ವಿಷಯ. ಹುಬ್ಬಳ್ಳಿಯ ಗೆಳೆಯರೆಲ್ಲ ಯಾವ ಫ್ರೇಮ್‌ವರ್ಕ್, ಅಂದರೆ ಆ್ಯಪ್ ಕಟ್ಟುವ ಸಿದ್ಧ ಚೌಕಟ್ಟು ಯಾವುದು ಅಂತ ಕೇಳುತ್ತಾರೆ. ನನ್ನ ತಲೆ ತಿಂದದ್ದು ಮಾತ್ರ ನ್ಯಾವಿಗೇಶನ್, ಅಂದರೆ ಒಂದು ಪುಟದಿಂದ ಇನ್ನೊಂದಕ್ಕೆ ಹೋಗಿ ಬರುವ ದಾರಿ.

ಅಂಗಡಿಯ ಲೆಕ್ಕ ಬರೆಯುವ ದಿವಾನಜಿ ಕೆಲಸ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಘಾಟಿಗೆ ಮುಖಕ್ಕೆ ಟವೆಲ್ ಕಟ್ಟಿಕೊಂಡಿರುತ್ತಾರೆ. ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಫೋನು. ಚೀಲದ ಮೇಲಿನ ನಂಬರ್ ನೋಡುತ್ತಲೇ ಎಡ ಹೆಬ್ಬೆರಳಿನಿಂದ ಒತ್ತುತ್ತಾರೆ. ಸೀನು ಬಂದರೆ ಬೆರಳು ಎಲ್ಲೋ ಬೀಳುತ್ತದೆ. ಇವರಿಗೆ ಮೇಲಿನ ಮೂಲೆಯಲ್ಲಿ ಮೂರು ಗೆರೆಯ ಮೆನು ಕೊಟ್ಟು ಏನು ಪ್ರಯೋಜನ? 2013ರಲ್ಲಿ ಸ್ಟೀವನ್ ಹೂಬರ್ ಅನ್ನುವ ವಿನ್ಯಾಸಕಾರರು ಬೀದಿ, ಬಸ್‌ಗಳಲ್ಲಿ ಜನ ಫೋನ್ ಹಿಡಿಯುವ ರೀತಿಯನ್ನು ಗಮನಿಸಿ ಬರೆದಿದ್ದರು. ಸ್ಕ್ರೀನ್ ಮುಟ್ಟುತ್ತಿದ್ದವರಲ್ಲಿ ಶೇ 49ರಷ್ಟು ಜನ ಒಂದೇ ಕೈಯಲ್ಲಿ ಹಿಡಿದಿದ್ದರಂತೆ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಎಣಿಸಿದ್ದರೆ ಇನ್ನೂ ಜಾಸ್ತಿ ಸಿಗುತ್ತಿತ್ತೇನೋ.

ಹಾಗಾಗಿ ಕೆಳಗಡೆ ನಾಲ್ಕು ಟ್ಯಾಬ್. ಲಾಟ್, ತೂಕ, ಪಟ್ಟಿ, ಬಾಕಿ. ಚಿತ್ರದ ಜೊತೆ ಹೆಸರೂ ಬೇಕು. ಬರೀ ತಕ್ಕಡಿ ಚಿತ್ರ ಇಟ್ಟರೆ ತೂಕವೋ ಕೋರ್ಟೋ ಅಂತ ಯೋಚಿಸಬೇಕಾಗುತ್ತದೆ. ಸೆಟ್ಟಿಂಗ್ಸ್ ಮಾಲಕರಿಗೆ ಮಾತ್ರ, ಅವರ ಹೆಸರು ಒತ್ತಿದರೆ ಸಿಗುತ್ತದೆ.

ಟ್ಯಾಬ್ ಸುಲಭದ ಮಾತು. ನಿಜವಾದ ಪರೀಕ್ಷೆ ಫೋನಿನ ಹಿಂದೆ ಹೋಗುವ ಬಟನ್‌ನದು. ಇವರ ಹಳೆಯ ಆ್ಯಪ್ ಬಗ್ಗೆ ದಿವಾನಜಿ ಹೇಳಿದ್ದು: “ಹಿಂದ ಒತ್ತಿದ್ರ ಎಲ್ಲಾ ಬಿಟ್ಟು ಹೊರಗ ಬರ್ತೈತ್ರಿ ಸರ. ಮತ್ತ ಮೊದಲಿಂದ.” ಕಾರಣ ಹುಡುಕುವುದು ಕಷ್ಟವಿರಲಿಲ್ಲ. ಅದು ಒಂದೇ ಪುಟದ ಆ್ಯಪ್. ಜಾವಾಸ್ಕ್ರಿಪ್ಟ್ ಒಳಗಿನದನ್ನಷ್ಟೇ ಬದಲಾಯಿಸುತ್ತದೆ, ವಿಳಾಸ ಬದಲಾಗುವುದಿಲ್ಲ. ಬ್ರೌಸರ್‌ನ ಹಿಂದೆ-ಮುಂದೆ ಪಟ್ಟಿಗೆ ಪುಟ ಸೇರಿಸುವ ಹಿಸ್ಟರಿ ಎಪಿಐ ಬಳಸಿ ಪ್ರತಿ ಹೆಜ್ಜೆಯನ್ನೂ ಬ್ರೌಸರ್‌ಗೆ ತಿಳಿಸಬೇಕು. ತಿಳಿಸದಿದ್ದರೆ ಬ್ರೌಸರ್ ಪಾಲಿಗೆ ನೀವು ಇನ್ನೂ ಮೊದಲ ಪುಟದಲ್ಲೇ ಇದ್ದೀರಿ. ಹಿಂದೆ ಒತ್ತಿದರೆ ಹೊರಗೆ.

ನಾನು ಹಳೇ ಕಾಲದ ದಾರಿ ಹಿಡಿದೆ. ಪ್ರತಿ ಲಾಟ್‌ಗೂ ಒಂದು ಪುಟ, ಒಂದು ವಿಳಾಸ, ಸರ್ವರ್‌ನಿಂದ ಬರುವ ಸಾದಾ ಎಚ್‌ಟಿಎಂಎಲ್. ಲಾಟ್‌ನ ಲಿಂಕ್ ವಾಟ್ಸಾಪ್‌ನಲ್ಲಿ ಮಾಲಕರಿಗೆ ಕಳಿಸಿದರೆ ಸೀದಾ ಅದೇ ಲಾಟ್ ತೆರೆಯುತ್ತದೆ. ಮೆಣಸಿನಕಾಯಿಯ ತಳಿ ಡಬ್ಬಿ, ಕಡ್ಡಿ ಅಂತ ಬೇರೆ ಮಾಡಿ ನೋಡಿದ್ದೂ ವಿಳಾಸದಲ್ಲೇ ಇರುತ್ತದೆ. ಹೊರಗೆ ಹೋಗಿ ವಾಪಸ್ ಬಂದರೆ ಅದೇ ಪಟ್ಟಿ ಕಾಣುತ್ತದೆ.

ತೂಕದ ಫಾರ್ಮ್‌ಗೆ ಇನ್ನೊಂದು ಎಚ್ಚರ ಬೇಕು. ಸೇವ್ ಆದ ಮೇಲೆ ಸರ್ವರ್ 303, ಅಂದರೆ ‘ಬೇರೆ ವಿಳಾಸ ನೋಡು’ ಅನ್ನುವ ಉತ್ತರ ಕೊಟ್ಟು ಬ್ರೌಸರನ್ನು ಲಾಟ್‌ನ ಪುಟಕ್ಕೆ ಕಳಿಸುತ್ತದೆ. ಆಗ ಯಾರಾದರೂ ರಿಫ್ರೆಶ್ ಮಾಡಿದರೂ ಫಾರ್ಮ್ ಮತ್ತೆ ಹೋಗುವುದಿಲ್ಲ. ಒಂದೇ ಚೀಲದ ತೂಕ ಎರಡು ಸಲ ಏರಿದರೆ ಅಂಗಡಿಯಲ್ಲಿ ಜಗಳ ಗ್ಯಾರಂಟಿ.

ಪುಟ ಬದಲಾಗುವಾಗ ಬಿಳಿ ಮಿಂಚು ಕಾಣುತ್ತದೆ ಅಂತ ಗೆಳೆಯರೊಬ್ಬರ ತಕರಾರು. 2024ರಲ್ಲಿ ಬಂದ ಕ್ರೋಮ್ 126ರಿಂದ ಒಂದೇ ತಾಣದ ಎರಡು ಪುಟಗಳ ನಡುವೆಯೂ ವ್ಯೂ ಟ್ರಾನ್ಸಿಶನ್, ಅಂದರೆ ನಯವಾಗಿ ಬದಲಾಗುವ ಪರಿಣಾಮ ಕೊಡಬಹುದು, ಪುಟದ ಅಂದ ಹೇಳುವ ಸಿಎಸ್‌ಎಸ್‌ನಲ್ಲಿ ಒಂದೆರಡು ಸಾಲು ಸಾಕು. ಹಳೇ ಫೋನಿನಲ್ಲಿ ಆ ಚಂದ ಕಾಣಲ್ಲ, ಕೆಲಸಕ್ಕೇನೂ ತೊಂದರೆಯಿಲ್ಲ. ಸೆಕೆಂಡಿಗೊಂದು ಸಲ ದರ ಬದಲಾಗುವ ಪರದೆ ಇದ್ದಿದ್ದರೆ ಆ ಒಂದು ಪುಟಕ್ಕೆ ಜಾವಾಸ್ಕ್ರಿಪ್ಟ್ ಹಾಕುತ್ತಿದ್ದೆ. ಇಲ್ಲಿ ಸುಮ್ನೆ ಯಾಕೆ?

ಮಾಲಕರು ಈಗ ಹಮಾಲಿ ಲೆಕ್ಕಕ್ಕೆ ಐದನೇ ಟ್ಯಾಬ್ ಕೇಳಿದ್ದಾರೆ. ಐದರವರೆಗೆ ಸರಿ, ಗೂಗಲ್‌ನ ವಿನ್ಯಾಸ ಮಾರ್ಗಸೂಚಿ ಮೆಟೀರಿಯಲ್ ಡಿಸೈನ್ ಕೂಡ ಮೂರರಿಂದ ಐದು ಅನ್ನುತ್ತದೆ. ಆರನೆಯದು ಕೇಳಿದರೆ ಬಾಕಿಯ ಒಳಗೆ ತುರುಕುತ್ತೇನೆ.