ಆಷಾಢದಲ್ಲೂ ಯುಗಾದಿ

ಶಿರಸಿಯಲ್ಲಿ ಕೂತು ಸುತ್ತಮುತ್ತಲಿನವರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಹೋಂಸ್ಟೇ ನಡೆಸುವವರು, ಉಪ್ಪಿನಕಾಯಿ, ಜೇನುತುಪ್ಪ, ಕಾಳುಮೆಣಸು ಮಾರುವವರು, ಇಂಥ ಗಿರಾಕಿಗಳೇ ಜಾಸ್ತಿ. ಎಲ್ಲರಿಗೂ ವರ್ಡ್‌ಪ್ರೆಸ್ ಅನ್ನುವ, ವೆಬ್‌ಸೈಟ್ ಕಟ್ಟುವ ತಂತ್ರಾಂಶದಲ್ಲೇ ಮಾಡುತ್ತೇನೆ. ಖರ್ಚು ಕಡಿಮೆ, ಒಂದು ಸಲ ಕಲಿಸಿದರೆ ಮನೆಯವರೇ ನೋಡಿಕೊಳ್ಳಬಹುದು.

ಶುರುವಿನಲ್ಲಿ ಯಾಣದ ದಾರಿಯ ಒಂದು ಹೋಂಸ್ಟೇಗೆ ಮಾಡಿಕೊಟ್ಟಿದ್ದೆ. ಆಷಾಢದಲ್ಲಿ ಒಂದು ದಿನ ಯಜಮಾನರ ಫೋನ್ ಬಂತು.

"ಎಂತ ತಮ್ಮಾ, ಆಷಾಢ ಬಂತು, ನಿನ್ನ ಯುಗಾದಿ ಇನ್ನೂ ಮುಗಿಲಿಲ್ವಾ?"

ತೆರೆದು ನೋಡಿದರೆ ಹೌದು. ಮೊದಲ ಪುಟದ ನೆತ್ತಿಯ ಮೇಲೆ ಬೇವುಬೆಲ್ಲದ ಫೋಟೋ. ಅದರ ಕೆಳಗೆ ಸಂಕ್ರಾಂತಿ, ಅದಕ್ಕೂ ಕೆಳಗೆ ದೀಪಾವಳಿ. ರೂಮುಗಳ ವಿಷಯ ಹುಡುಕಿದರೆ ಸಿಗುತ್ತಿತ್ತು ಅಷ್ಟೇ.

ವರ್ಡ್‌ಪ್ರೆಸ್ 2003ರಲ್ಲಿ ಹುಟ್ಟಿದ್ದೇ ಬ್ಲಾಗ್ ಬರೆಯುವವರಿಗಾಗಿ. ತಾರೀಖಿನ ಪ್ರಕಾರ ಸಾಲಾಗಿ ಬೀಳುವ ಬರಹಕ್ಕೆ ಅದರಲ್ಲಿ 'ಪೋಸ್ಟ್' ಅಂತ ಹೆಸರು. ಹೊಸದು ಮೇಲೆ, ಹಳೆಯದು ಕೆಳಗೆ, ಅದರ ಹುಟ್ಟುಗುಣವೇ ಅದು. ತಾರೀಖಿನ ಹಂಗಿಲ್ಲದ 'ಪೇಜ್' ಅನ್ನುವುದು ಸೇರಿದ್ದು 2005ರ 1.5ನೇ ಆವೃತ್ತಿಯಲ್ಲಿ. ಸೆಟ್ಟಿಂಗ್ಸ್‌ನ 'ರೀಡಿಂಗ್' ಭಾಗಕ್ಕೆ ಹೋಗಿ, ಮೊದಲ ಪುಟ ಯಾವುದು ಅಂತ ನಾವೇ ಹೇಳಬೇಕು. ಹೇಳದಿದ್ದರೆ ಕೊನೆಗೆ ಬರೆದ ಪೋಸ್ಟ್ ಮೇಲೆ ಬಂದು ಕೂರುತ್ತದೆ. ಎರಡು ನಿಮಿಷದ ಕೆಲಸ, ನಾನು ಮಾಡಿರಲಿಲ್ಲ. ಸರಿ ಮಾಡಿದೆ, ಇಬ್ಬರೂ ನಕ್ಕೆವು.

ನಗು ಬಾರದ ತಪ್ಪು ಬೇರೆಯೇ ಇತ್ತು.

ರೂಮಿನ ದರವನ್ನೂ ನಾನು ಪೋಸ್ಟ್ ಮಾಡಿಯೇ ಹಾಕಿದ್ದೆ. 'ಮಳೆಗಾಲದ ದರ' ಅಂತ ಒಂದು, ಮರುವರ್ಷ ದರ ಏರಿದಾಗ ಅದೇ ಹೆಸರಿನ ಇನ್ನೊಂದು. ಹಳೆಯದನ್ನು ತೆಗೆಯಲಿಲ್ಲ. ಹೇಗೂ ಕೆಳಗೆ ಹೋಯಿತಲ್ಲ, ಯಾರು ನೋಡುತ್ತಾರೆ ಅಂದುಕೊಂಡೆ. ಅದು ಸಾಲದು ಅಂತ, ಸೈಟು ಬ್ಲಾಗಿನ ಹಾಗೆ ಕಾಣಬಾರದು ಎಂದು ಎಲ್ಲ ಪೋಸ್ಟ್‌ಗಳ ತಾರೀಖನ್ನು ಅಡಗಿಸಿದ್ದೆ. ಆಗ ಅದು ಭಾರೀ ಜಾಣತನ ಅನಿಸಿತ್ತು!

ಹುಬ್ಬಳ್ಳಿಯಿಂದ ಆರು ಜನ ಬಂದರು. ಲೆಕ್ಕ ಕೊಡುವಾಗ ಮೊಬೈಲ್ ತೋರಿಸಿದರು. ಗೂಗಲ್‌ನಲ್ಲಿ ಹುಡುಕಿದಾಗ ಅವರಿಗೆ ಸಿಕ್ಕಿದ್ದು ಹಳೆಯ ದರದ ಪುಟ. ನಮ್ಮ ಮೊದಲ ಪುಟವನ್ನು ಅವರು ನೋಡಿಯೇ ಇರಲಿಲ್ಲ. ತಾರೀಖು ಇಲ್ಲದ ಮೇಲೆ ಅದು ಹೋದ ವರ್ಷದ್ದು ಅಂತ ತಿಳಿಯುವುದಾದರೂ ಹೇಗೆ? ಯಜಮಾನರು ವಾದ ಮಾಡಲಿಲ್ಲ. "ಬರೆದದ್ದು ನಮ್ಮ ಮನೆ ಹೆಸರಲ್ಲಿ ಅಲ್ವಾ" ಎಂದು ಹಳೆ ದರವನ್ನೇ ತಗೊಂಡರು. ವ್ಯತ್ಯಾಸದ ದುಡ್ಡನ್ನು ನನ್ನ ಬಾಕಿಯಲ್ಲಿ ಮುರಿದುಕೊಳ್ಳಿ ಅಂದೆ. ಬೇಡ ಎಂದರು. ಅದೇ ಜಾಸ್ತಿ ಚುಚ್ಚಿತು.

ಆಮೇಲಿಂದ ಬರೆಯುವ ಮೊದಲು ಗಿರಾಕಿಯ ಹತ್ತಿರ ಒಂದೇ ಪ್ರಶ್ನೆ ಕೇಳುತ್ತೇನೆ: ಇದನ್ನು ಮುಂದಿನ ವರ್ಷ ಅಳಿಸಿ ಬರೆಯುತ್ತೀರಾ, ಇಲ್ಲಾ ಹಾಗೇ ಬಿಡುತ್ತೀರಾ? ಅಳಿಸಿ ಬರೆಯುವಂಥದ್ದಾದರೆ ಪೇಜ್. ದರಕ್ಕೆ ಇಡೀ ಸೈಟಿನಲ್ಲಿ ಒಂದೇ ಜಾಗ, ರೂಮಿನ ಪುಟದಲ್ಲೂ ಅಂಕಿ ಬರೆಯುವುದಿಲ್ಲ, ಅಲ್ಲಿಂದ ದರದ ಪುಟಕ್ಕೆ ಕೊಂಡಿ ಮಾತ್ರ. ಹಾಗೇ ಬಿಡುವಂಥದ್ದಾದರೆ ಪೋಸ್ಟ್, ಮೇಲೆ ತಾರೀಖು ಎದ್ದು ಕಾಣಬೇಕು.

ಇನ್ನೊಂದು ಸಣ್ಣ ವಿಷಯ. ಕನ್ನಡದಲ್ಲಿ ತಲೆಬರಹ ಕೊಟ್ಟರೆ ಪುಟದ ವಿಳಾಸವೂ ಕನ್ನಡದಲ್ಲೇ ಆಗುತ್ತದೆ. ನೋಡಲು ಚಂದ. ಆದರೆ ಅದನ್ನು ನಕಲು ಮಾಡಿ ವಾಟ್ಸಾಪ್‌ಗೆ ಹಾಕಿದರೆ ಅಕ್ಷರ, ಗುಣಿತ ಒಂದೊಂದೂ ಒಂಬತ್ತು, ಒತ್ತು ಹದಿನೆಂಟು ಚಿಹ್ನೆಗಳಾಗಿ ಒಡೆದು, ಶೇಕಡಾ ಗುರುತಿನ (%) ಉದ್ದ ಮಾಲೆಯಾಗಬಹುದು. 'ಅಪ್ಪೆಮಿಡಿ' ಅನ್ನುವ ಒಂದೇ ಪದಕ್ಕೆ 81 ಚಿಹ್ನೆ! ಉಪ್ಪಿನಕಾಯಿಯವರೊಬ್ಬರು ಇದನ್ನು ವೈರಸ್ ಅಂದುಕೊಂಡು ಅಳಿಸಿದ್ದರು. ಈಗ ತಲೆಬರಹ ಕನ್ನಡದಲ್ಲಿ, ವಿಳಾಸ ಮಾತ್ರ ಚಿಕ್ಕದಾಗಿ ಇಂಗ್ಲಿಷ್‌ನಲ್ಲಿ. ವಿಳಾಸ ಹಾಕಿದ ವಿಸಿಟಿಂಗ್ ಕಾರ್ಡ್ ಅಚ್ಚಾಗುವ ಮೊದಲೇ ಇದನ್ನು ಮಾಡಿಬಿಡಬೇಕು.

ಆ ಹೋಂಸ್ಟೇಯಲ್ಲಿ ಈಗ ಪೋಸ್ಟ್ ಬರೆಯುವುದು ಯಜಮಾನರೇ. ಮಳೆಗಾಲದಲ್ಲಿ ಉಂಚಳ್ಳಿ ಜಲಪಾತ ಮಂಜಿನಲ್ಲಿ ಮುಚ್ಚಿದೆಯಾ, ದೇವಿಮನೆ ಘಟ್ಟದಲ್ಲಿ ರಸ್ತೆ ಹೇಗಿದೆ, ಇವೇ ಎರಡು ಸಾಲು. ಬರುವವರು ಫೋನ್ ಮಾಡಿ ಕೇಳುತ್ತಿದ್ದದ್ದೂ ಇದನ್ನೇ. ತಾರೀಖು ತಾನೇ ಬೀಳುತ್ತದೆ ಎಂದು ಎಷ್ಟು ಹೇಳಿದರೂ ಕೇಳದೆ ಕೊನೆಯಲ್ಲಿ ಕೈಯಾರೆ ಬರೆಯುತ್ತಾರೆ: ಇದು ಇವತ್ತು ಬೆಳಿಗ್ಗೆ ಏಳಕ್ಕೆ ನೋಡಿದ್ದು.