ಬಾನ್ವಿಟ್ ಟೆಲ್ಲರ್: ಕಾಲಡಿಯ ಜಾಗ ಕೈಬಿಟ್ಟ ಅಂಗಡಿ

ನ್ಯೂಯಾರ್ಕಿನಲ್ಲಿ ಪಾಲ್ ಬಾನ್ವಿಟ್ 1890ರ ದಶಕದಲ್ಲಿ ಶುರು ಮಾಡಿದ ಈ ಅಂಗಡಿ ಪಾತ್ರೆ, ಪೀಠೋಪಕರಣಗಳ ಗೊಡವೆಗೆ ಹೋಗದೆ ಹೆಂಗಸರ ಉಡುಪನ್ನೇ ನೆಚ್ಚಿಕೊಂಡಿತ್ತು. 1930ರಲ್ಲಿ ಫಿಫ್ತ್ ಅವೆನ್ಯೂ ಮತ್ತು 56ನೇ ಬೀದಿಯ ಮೂಲೆಗೆ ಬಂತು. ಮಹಾ ಆರ್ಥಿಕ ಕುಸಿತದಲ್ಲಿ ಕೈಬದಲಾಗಿ, 1934ರಲ್ಲಿ ಹಾರ್ಟೆನ್ಸ್ ಓಡ್ಲಮ್ ಅಧ್ಯಕ್ಷೆಯಾದರು. ಅವರಿಗೆ ವ್ಯಾಪಾರದ ಅನುಭವ ಇರಲಿಲ್ಲ, ಆದರೆ ಗಿರಾಕಿಯ ಕಣ್ಣಿತ್ತು. ಮೇಲಿದ್ದ ಹ್ಯಾಟ್ ವಿಭಾಗವನ್ನು ನೆಲಮಹಡಿಗೆ ಇಳಿಸಿದರು. ಹ್ಯಾಟ್‌ಗೆ ಟ್ರಯಲ್ ರೂಮ್ ಬೇಡ. ಒಳಬಂದವರು ನಿಂತಲ್ಲೇ ತಲೆಗಿಟ್ಟು ನೋಡಿ ಕೊಳ್ಳಬಹುದು. ಎಷ್ಟು ಸರಳ, ಎಷ್ಟು ಜಾಣ ಬದಲಾವಣೆ!

ಪ್ರದರ್ಶನ ಕಿಟಕಿಗಳೂ ಹೆಸರಾಗಿದ್ದವು. 1961ರಲ್ಲಿ ಕಲಾವಿದ ಆಂಡಿ ವಾರ್ಹಾಲ್ ತಮ್ಮ ಚಿತ್ರಗಳನ್ನು ಉಡುಪು ತೊಡಿಸಿದ ಗೊಂಬೆಗಳ ಹಿಂದೆ ತೂಗುಹಾಕಿದ್ದು ಅಲ್ಲೇ.

1956ರಲ್ಲಿ ಪಾದರಕ್ಷೆ ಕಂಪನಿ ಜೆನೆಸ್ಕೊ ಇದನ್ನು ಕೊಂಡಿತು. ಮುಂದಿನ ಕೇಡಿನ ಬೇರು ಬಾಡಿಗೆ ಕರಾರಿನಲ್ಲಿತ್ತು: ಕಟ್ಟಡದ ಕೆಳಗಿನ ಜಾಗ ಇಕ್ವಿಟಬಲ್ ವಿಮಾ ಕಂಪನಿಯದು, ಜೆನೆಸ್ಕೊ ಕೈಲಿದ್ದದ್ದು ಲೀಸ್. ನಗದಿಗೆ ಕಷ್ಟವಾದಾಗ ಉಡುಪಿಗಿಂತ ಆ ಲೀಸಿಗೇ ಬೆಲೆ ಹೆಚ್ಚು. 1979ರಲ್ಲಿ ಅದು ಡೊನಾಲ್ಡ್ ಟ್ರಂಪ್ ಪಾಲಾಯಿತು, 1980ರಲ್ಲಿ ಕಟ್ಟಡ ಉರುಳಿತು. ಮೆಟ್ರೊಪಾಲಿಟನ್ ಮ್ಯೂಸಿಯಂ ಬಯಸಿದ್ದ ಮುಂಭಾಗದ ಸುಣ್ಣಕಲ್ಲಿನ ಉಬ್ಬುಶಿಲ್ಪಗಳನ್ನೂ ಒಡೆದುಹಾಕಿದರು. ಅದನ್ನು ಕ್ಷಮಿಸಲು ನನ್ನಿಂದಾಗದು.

ಅಲೈಡ್ ಸ್ಟೋರ್ಸ್ ಎಂಬ ಅಂಗಡಿ ಸಮೂಹ ಬಾನ್ವಿಟ್‌ನ ಹೆಸರನ್ನು ಕೊಂಡು 1981ರಲ್ಲಿ ಪಕ್ಕದ 57ನೇ ಬೀದಿಯಲ್ಲಿ ಸಣ್ಣ ಮಳಿಗೆ ತೆರೆಯಿತು. 1986ರಲ್ಲಿ ಕೆನಡಾದ ಕ್ಯಾಂಪೊ ಕಂಪನಿ ಸಾಲ ಎತ್ತಿ ಅಲೈಡನ್ನೇ ನುಂಗಿ, ಮರುವರ್ಷ ಬಾನ್ವಿಟ್ಟನ್ನು ಆಸ್ಟ್ರೇಲಿಯಾದ ಹೂಕರ್‌ಗೆ ಮಾರಿತು. ಹೂಕರ್ ಮಾಲ್ ಕಟ್ಟುವ ಕಂಪನಿ. ಸಿನ್ಸಿನಾಟಿ ಬಳಿಯ ಫಾರೆಸ್ಟ್ ಫೇರ್‌ನಂಥ ಮಾಲ್‌ಗಳಿಗೆ ಅದಕ್ಕೆ ದೊಡ್ಡ ಹೆಸರುಗಳು ಬೇಕಿದ್ದವು. ಅಂಥ ಉಡುಪಿಗೆ ಅಲ್ಲಿ ಗಿರಾಕಿ ಇದ್ದಾರೆಯೇ ಎಂಬುದು ಎರಡನೇ ಪ್ರಶ್ನೆಯಾಯಿತು.

1989ರ ಆಗಸ್ಟಿನಲ್ಲಿ ಹೂಕರ್‌ನ ಅಮೆರಿಕದ ವ್ಯವಹಾರ ದಿವಾಳಿ ರಕ್ಷಣೆ, ಅಂದರೆ ಸಾಲ ಕೊಟ್ಟವರಿಂದ ಕೋರ್ಟಿನ ರಕ್ಷಣೆ, ಕೋರಿತು. ಉಡುಪಿನ ವ್ಯಾಪಾರಕ್ಕೆ ಇದಕ್ಕಿಂತ ಕೆಟ್ಟ ತಿಂಗಳು ಕಡಿಮೆ. ಶರತ್ಕಾಲದ ಸರಕಿಗೆ ತಿಂಗಳುಗಳ ಮೊದಲೇ ಆರ್ಡರ್ ಹೋಗಿರುತ್ತದೆ. ತಯಾರಕರ ಬಿಲ್ಲುಗಳಿಗೆ ಜಾಮೀನು ನಿಲ್ಲುವ ಹಣಕಾಸು ಸಂಸ್ಥೆಗಳು ಅನುಮಾನಪಟ್ಟರೆ ಪೆಟ್ಟಿಗೆಗಳು ಗೋದಾಮಿನಿಂದ ಹೊರಡುವುದೇ ಇಲ್ಲ. ಎಲ್ಲ ಸೈಜು ಸಿಗದ ರ‍್ಯಾಕ್‌ಗಳನ್ನು ನೋಡಿ ಗಿರಾಕಿ ಹಿಂದಿರುಗುತ್ತಾರೆ, ಉಳಿದದ್ದು ರಿಯಾಯಿತಿಗೆ ಹೋಗುತ್ತದೆ, ಪೂರ್ಣ ಬೆಲೆಗೆ ಮತ್ತೆ ಯಾರೂ ಕೊಳ್ಳುವುದಿಲ್ಲ.

1990ರಲ್ಲಿ ಮ್ಯಾನ್‌ಹಟನ್ ಮಳಿಗೆ ಮುಚ್ಚಿತು. ಹೆಸರನ್ನು ಕೊಂಡದ್ದು ಮತ್ತೊಂದು ಮಾಲ್ ಕಂಪನಿ, ಪಿರಮಿಡ್. ಅದರ ಸಿರಾಕ್ಯೂಸ್ ಮಾಲ್‌ನಲ್ಲಿದ್ದ ಕೊನೆಯ ಅಂಗಡಿ 2000ದವರೆಗೆ ನಡೆಯಿತು.