ಈರುಳ್ಳಿ ಹೊಲದ ಲೆಕ್ಕ, ಅಡಕೆ ತೋಟದ ಲೆಕ್ಕ

"ಅಪ್ಪಾ, ಗುಲಾಮಗಿರಿ ಹೋಯ್ತು ಅಂತ ಟೀಚರ್ ಹೇಳಿದ್ರು. ಜೈಲಿನವರಿಗೆ ಹೋಗಿಲ್ಲ ಅಂತ ಇಲ್ಲೇ ಬರೆದಿದೆಯಲ್ಲ?"

ಮಗಳು ಓದಿದ್ದು ಅಮೆರಿಕದ ಸಂವಿಧಾನದ 13ನೇ ತಿದ್ದುಪಡಿ, 1865ರದ್ದು. ಅಪರಾಧಕ್ಕೆ ಶಿಕ್ಷೆಯಾಗಿ ಮಾಡಿಸುವ ದುಡಿಮೆಗೆ ಅದರಲ್ಲಿ ವಿನಾಯಿತಿಯಿದೆ. ಲೂಸಿಯಾನಾದ ಅಂಗೋಲಾ ಜೈಲು ಹಿಂದೆ ಗುಲಾಮರು ದುಡಿದ ಪ್ಲಾಂಟೇಶನ್, ಸುಮಾರು 18,000 ಎಕರೆ. ಇಂದು ಅಲ್ಲಿ ಬೆಳೆ ಕೊಯ್ಯುವ ಕೈದಿಗೆ ಸಿಗುವುದು ಗಂಟೆಗೆ 2 ಸೆಂಟ್. ಒಲ್ಲೆ ಎಂದರೆ ಶಿಸ್ತುಕ್ರಮ. ಉರಿಬಿಸಿಲಿನಿಂದ ರಕ್ಷಣೆ ಬೇಕೆಂದು ಕೋರ್ಟಿಗೇ ಹೋಗಬೇಕಾಯಿತು. 2024ರಲ್ಲಿ ಫೆಡರಲ್ ನ್ಯಾಯಾಧೀಶರು ಲೋಪಗಳನ್ನು ಸರಿಪಡಿಸಲು ಆದೇಶಿಸಿದರು.

ನಾವಿರುವ ಜಾರ್ಜಿಯಾದ ವಿಡೇಲಿಯಾ ಈರುಳ್ಳಿಯ ಕಥೆ ಬೇರೆ, ದುಃಖ ಅದೇ. ಸಿಪ್ಪೆ ತೆಳು, ನೀರಿನಂಶ ಹೆಚ್ಚು. ಯಂತ್ರದಿಂದ ಕಿತ್ತರೆ ಪೆಟ್ಟಾಗಿ ಕೊಳೆಯುತ್ತದೆ. ಹಾಗಾಗಿ ಬುಡ ಸಡಿಲಿಸಿ, ಹೊಲದಲ್ಲೇ ಒಣಗಲು ಬಿಟ್ಟು, ಬೇರು ಮತ್ತು ತುದಿಯನ್ನು ಕೈಯಲ್ಲೇ ಕತ್ತರಿಸಿ ಬಕೆಟ್ ತುಂಬಬೇಕು. ಈ ಕೆಲಸಕ್ಕೆ ಮೆಕ್ಸಿಕೊದಿಂದ ಎಚ್-2ಎ ಎಂಬ ಹಂಗಾಮಿ ಕೃಷಿ ಕೆಲಸದ ವೀಸಾದಲ್ಲಿ ಜನ ಬರುತ್ತಾರೆ. ಕಾಗದದ ಮೇಲೆ ನಿಯಮ ಚೆನ್ನಾಗಿದೆ: ವಸತಿ ಉಚಿತ, ಒಪ್ಪಂದದ ಮುಕ್ಕಾಲು ಪಾಲು ಗಂಟೆಗಳ ಕೆಲಸಕ್ಕೆ ಖಾತ್ರಿ, ನೇಮಕಕ್ಕೆ ಹಣ ವಸೂಲಿ ಮಾಡುವಂತಿಲ್ಲ. ಆದರೆ ವೀಸಾ ಒಬ್ಬನೇ ಮಾಲೀಕನಿಗೆ ಕಟ್ಟಿದ್ದು. ಬಿಟ್ಟುಹೋಗಿ ಬೇರೆ ಮಾಲೀಕ ಸಿಗದಿದ್ದರೆ ಇಲ್ಲಿರುವ ಹಕ್ಕೂ ಹೋಗುತ್ತದೆ. ಊರಿನಲ್ಲಿ ಏಜೆಂಟನಿಗೆ ಸಾಲ ಮಾಡಿ ಕೊಟ್ಟು ಬಂದವನು ಬಾಯಿ ತೆರೆಯುವುದಾದರೂ ಹೇಗೆ? 2021ರಲ್ಲಿ 24 ಮಂದಿಯ ಮೇಲೆ ಹೊರಬಂದ ದೋಷಾರೋಪದಲ್ಲಿ, ಬಂದೂಕು ತೋರಿಸಿ ಬರಿಗೈಯಲ್ಲಿ ಈರುಳ್ಳಿ ಕೀಳಿಸಿ, ಬಕೆಟ್‌ಗೆ 20 ಸೆಂಟ್ ಕೊಟ್ಟದ್ದು ದಾಖಲಾಗಿದೆ. 1938ರ ಕೂಲಿ ಕಾನೂನು ಹೊಲದವರನ್ನು ಹೊರಗಿಟ್ಟಿತ್ತು. ಫೆಡರಲ್ ಕಾನೂನಿನಲ್ಲಿ ಅವರಿಗೆ ಓವರ್‌ಟೈಮ್ ಕೂಲಿ ಇಂದಿಗೂ ಇಲ್ಲ.

ಇದನ್ನೆಲ್ಲ ಓದುವಾಗ ನಮ್ಮ ಕಾಸರಗೋಡಿನ ನೆನಪು ಬಂತು. ಹೆಮ್ಮೆಯೂ ಬಂತು: ಅಲ್ಲಿನ ಚೀಮೇನಿಯ ತೆರೆದ ಜೈಲಿನ ಕೈದಿಗಳೂ ಕೃಷಿ ಮಾಡುತ್ತಾರೆ, ಆದರೆ ಕಠಿಣ ಶಿಕ್ಷೆಯವರಿಗೂ ನ್ಯಾಯವಾದ ಕೂಲಿ ಕೊಡಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಅದಕ್ಕೂ ಮೊದಲು, 1983ರಲ್ಲಿ, ಕೇರಳ ಹೈಕೋರ್ಟ್ ದಾರಿ ತೋರಿಸಿತ್ತು.

ಆದರೆ ಅಡಕೆ ತೋಟಗಳ ವಿಷಯಕ್ಕೆ ಬಂದರೆ ನಾವು ಬೀಗುವಂತಿಲ್ಲ. ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಬಂದವರನ್ನು ಕೇರಳ ಸರಕಾರ ಅತಿಥಿ ಕಾರ್ಮಿಕರು ಎನ್ನುತ್ತದೆ. ಎಷ್ಟೋ ಅತಿಥಿಗಳು ಮಲಗುವುದು ಪಂಪ್ ಶೆಡ್ಡಿನಲ್ಲಿ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಐವರಿಗಿಂತ ಕಡಿಮೆ ಜನರಿರುವ ಕಡೆಯನ್ನು ಹೊರಗಿಟ್ಟಿತ್ತು. ಇಬ್ಬರು ಮೂವರನ್ನು ಇಟ್ಟುಕೊಳ್ಳುವ ಬದಿಯಡ್ಕ, ಪೆರ್ಲ ಕಡೆಯ ತೋಟಗಳು ಅಲ್ಲೇ ಜಾರಿಹೋದವು.

ಹಾಗಾಗಿ ತೋಟದ ಮಾಲೀಕರೇ, ಕಾನೂನು ಬರಲಿ ಎಂದು ಕಾಯುತ್ತ ಕೂರದೆ ಮಾಡಬಹುದಾದದ್ದನ್ನು ಮಾಡಿ. ಆಳುಗಳನ್ನು ಕರೆತರುವ ಮೇಸ್ತ್ರಿಯ ಕೈಗೆ ಒಟ್ಟು ಹಣ ಕೊಡಬೇಡಿ. ಅವನು ಎಷ್ಟು ಮುರಿದುಕೊಂಡ ಎಂದು ನಿಮಗೆ ತಿಳಿಯುವುದೇ ಇಲ್ಲ. ಕೂಲಿಯನ್ನು ಆಯಾ ಆಳಿನ ಕೈಗೇ ಕೊಟ್ಟು, ದಿನದ ಲೆಕ್ಕವನ್ನು ಎರಡು ಪುಸ್ತಕದಲ್ಲಿ ಬರೆದು, ಒಂದನ್ನು ಅವನ ಬಳಿಯೇ ಇಡಿ. ಆಧಾರ್ ಕಾರ್ಡ್ ತೆಗೆದಿಟ್ಟುಕೊಳ್ಳಬೇಡಿ. ಅಡಕೆ ಸುಲಿಯಲು ಕಿಲೋ ಲೆಕ್ಕದಲ್ಲಿ ಕೊಡುವುದಾದರೆ ತೂಕವನ್ನು ಸುಲಿದವನ ಎದುರಿಗೇ ಹಾಕಿ. ಮುಂಗಡ ಕೊಟ್ಟಿದ್ದರೂ, ಊರಿಗೆ ಹೋಗುತ್ತೇನೆ ಎಂದವನನ್ನು ತಡೆಯಬೇಡಿ.